ಕೆರೆಗೊಂದು ವೇಷ

ಬೆಂಗಳೂರಿನಲ್ಲಿ ಹೂವು ಸುಮ್ಮನೆ ಅರಳುವ ಹಾಗಿಲ್ಲ. ಅದಕ್ಕೊಂದು ಥೀಮ್ ಇರಬೇಕು.

ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೊಮ್ಮೆ ಸ್ವಾತಂತ್ರ್ಯೋತ್ಸವಕ್ಕೊಮ್ಮೆ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫ್ಲವರ್ ಶೋ ನಡೆಯುತ್ತದೆ. ಆಗ ಯಾವ ಹೂ ಬಂದಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ‘ಈ ಸಲ ಥೀಮ್ ಏನು?’ ಎಂದೇ ಎಲ್ಲರ ಪ್ರಶ್ನೆ. 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್, ಗಾಜನೂರಿನ ಮನೆ ಸಮೇತ. 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯ, ವಿಧಾನಸೌಧ ಸಮೇತ. 2024ರ ಜನವರಿಯಲ್ಲಿ ಬಸವಣ್ಣ, ಅನುಭವ ಮಂಟಪ ಸಮೇತ. 2025ರ ಜನವರಿಯಲ್ಲಿ ವಾಲ್ಮೀಕಿ. ಮಹನೀಯರ ಬಗ್ಗೆ ನನ್ನ ತಕರಾರಿಲ್ಲ; ಅವರೆಲ್ಲ ಹೂವಿಗೆ ಯೋಗ್ಯರೇ. ನನಗೆ ಮರುಕ ಹುಟ್ಟುವುದು ಹೂವಿನ ಮೇಲೆ. ಗುಲಾಬಿಯಾಗಿ ಹುಟ್ಟಿ ವಿಧಾನಸೌಧದ ಮೆಟ್ಟಿಲಾಗಿ ಬಾಡುವುದೆಂದರೆ ಯಾವ ಜನ್ಮದ ಪಾಪವೋ.

ಇಂಥದ್ದೊಂದು ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನಿಂದ ಚಿಕ್ಕಪ್ಪ ಫೋನು ಮಾಡಿದ. ‘ಮಗಾ, ಹೂವಿನ ಜಾತ್ರೆ ನೋಡ್ಬೇಕು ಕಣಪ್ಪಾ. ಸಾಯೋದ್ರೊಳಗೆ ಒಂದ್ಸಲ.’ ಈ ಮಾತನ್ನು ಅವನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾನೆ. ಆ ನೆಪದಲ್ಲಿ ಮೈಸೂರು, ಧರ್ಮಸ್ಥಳ, ತಿರುಪತಿ ಎಲ್ಲ ಮುಗಿದಿವೆ. ಲಾಲ್‌ಬಾಗ್ ಒಂದೇ ಬಾಕಿ ಇತ್ತು.

ಚಿಕ್ಕಪ್ಪ ನಮ್ಮೂರ ನೀರುಗಂಟಿ. ಆಗಿದ್ದ ಎನ್ನಬೇಕು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ಲಾಟೀನು ಹಿಡಿದು ತಿರುಗುವುದು ಅವನ ಕೆಲಸ. ಹಳೆಯ ಕಾಲದ ಹನ್ನೆರಡು ಮಂದಿ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಸಂಬಳವಿಲ್ಲ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಬಳ್ಳ ಎಂದು ಆಯ ಬರುತ್ತಿತ್ತು. ಊರಿಗೆಲ್ಲ ಬೋರ್‌ವೆಲ್ ಬಂದ ಮೇಲೆ ತೂಬಿನ ಕಲ್ಲುಕಂಬದ ಮೇಲೆ ಮೈನಾ ಹಕ್ಕಿ ಕೂರುತ್ತಿದೆ. ಚಿಕ್ಕಪ್ಪ ಜಗುಲಿಯ ಮೇಲೆ ಕೂರುತ್ತಿದ್ದಾನೆ.

ಬಸ್ಸು ಮೆಜೆಸ್ಟಿಕ್ಕಿಗೆ ಬಂತು. ಕೈಯಲ್ಲಿ ಚೀಲ, ಹೆಗಲ ಮೇಲೆ ಟವೆಲು, ಮುಖದಲ್ಲಿ ಸಂಶಯ. ಇಳಿದವನೇ ಸುತ್ತ ನೋಡಿ, ‘ಇದೇನಪ್ಪಾ, ಊರೆಲ್ಲ ಮೇಲೈತೆ, ಬಸ್‌ಸ್ಟ್ಯಾಂಡ್ ತಗ್ಗಲ್ಲೈತೆ?’ ಅಂದ.

‘ಚಿಕ್ಕಪ್ಪಾ, ನೀವು ಇಳಿದಿರೋದು ಬಸ್‌ಸ್ಟ್ಯಾಂಡಿನಲ್ಲಲ್ಲ, ಕೆರೆ ಅಂಗಳದಲ್ಲಿ. ಇದು ಧರ್ಮಾಂಬುಧಿ ಕೆರೆ.’

‘ಹಂಗನ್ನು. ಬಸ್ಸು ಇಳಿದಿದ್ದೇ ಕಾಲು ತಾನಾಗೇ ಹಳ್ಳದ ಕಡೆ ಎಳೀತು.’

ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಹತ್ತಲು ನೆಲದೊಳಗೆ ಇಳಿದೆವು. ಕೆರೆಯ ತಳಕ್ಕಿಂತಲೂ ಕೆಳಗೆ ರೈಲು ನಿಂತಿರುವುದನ್ನು ಕಂಡು ಚಿಕ್ಕಪ್ಪ ಗೋಡೆ ಮುಟ್ಟಿ ನೋಡಿದ, ಬೆರಳು ಮೂಸಿದ. ಒಸರುತ್ತಿದೆಯೇ ಎಂಬ ಪರೀಕ್ಷೆ. ಹಿಂದಿದ್ದ ಹುಡುಗಿ ಇಯರ್‌ಫೋನ್ ತೆಗೆದು ಒಂದು ಹೆಜ್ಜೆ ದೂರ ಸರಿದಳು.

ದಾರಿಯಲ್ಲಿ ಅವನಿಗೊಂದು ಸಮಾಚಾರ ಹೇಳಿದೆ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರುಮಾಡಿದ್ದು ಸುಮಾರು 40 ಎಕರೆಯಲ್ಲಿ. ಈಗ ಅದು 240 ಎಕರೆ. ಅವನಿಗೆ ಈ ಯೋಚನೆ ಹುಟ್ಟಿಸಿದ್ದು ಶಿರಾದಲ್ಲಿದ್ದ ನವಾಬರ ತೋಟ, ಖಾನ್ ಬಾಗ್, ಎನ್ನುತ್ತದೆ ಚರಿತ್ರೆ.

ಚಿಕ್ಕಪ್ಪ ಸೀಟಿನಲ್ಲಿ ನೆಟ್ಟಗಾದ. ‘ಅಂದ್ರೆ ಒರಿಜಿನಲ್ ನಮ್ದು, ಇದು ಜೆರಾಕ್ಸು?’

‘ಹೌದು.’

‘ಮತ್ತೆ ನಮಗ್ಯಾಕೆ ಟಿಕೆಟ್ಟು?’

ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲವಾದ್ದರಿಂದ ಎರಡು ಟಿಕೆಟ್ ಕೊಂಡೆ.

ಗಾಜಿನ ಮನೆಯ ಸಾಲು ಆಂಜನೇಯನ ಬಾಲದ ಹಾಗೆ ತೋಟವನ್ನೆಲ್ಲ ಸುತ್ತಿಕೊಂಡಿತ್ತು. ಸಾಲಿನಲ್ಲಿ ನಿಂತವರಿಗೆ ಎದುರಿಗಿರುವವರ ಬೆನ್ನು ಕಾಣುತ್ತದೆ; ಬೆನ್ನಿನ ಮೇಲೆ ಕೂತ ಮಗು ಕಾಣುತ್ತದೆ; ಮಗುವಿನ ಕೈಯ ಐಸ್‌ಕ್ರೀಮು ನಮ್ಮ ಅಂಗಿಯ ಮೇಲೆ ಕಾಣುತ್ತದೆ. ಎರಡೂ ಕಡೆ ದೊಡ್ಡ ಮರಗಳಿವೆ, ಅವುಗಳಿಗೆ ಹೆಸರಿನ ಫಲಕಗಳಿವೆ. ಅವನ್ನು ಯಾರೂ ಓದುವುದಿಲ್ಲ. ಮರಕ್ಕೆ ಥೀಮ್ ಇಲ್ಲವಲ್ಲ.

‘ಥೀಮ್ ಅಂದ್ರೇನು ಮಗಾ? ಎಲ್ರೂ ಅದನ್ನೇ ಕೇಳ್ತಾವ್ರೆ.’

ಕಷ್ಟಕ್ಕೆ ಸಿಕ್ಕಿಕೊಂಡೆ. ‘ವಿಷಯ’ ಎಂದೆ, ಅವನಿಗೆ ಹಿಡಿಸಲಿಲ್ಲ. ‘ಕಲ್ಪನೆ’ ಎಂದೆ; ತಲೆ ಅಲ್ಲಾಡಿಸಿದ. ‘ಅಂದ್ರೆ ಚಿಕ್ಕಪ್ಪಾ, ಹೂವನ್ನ ಹೂವಿನ ಹಾಗೆ ಇಡೋದಿಲ್ಲ. ಇನ್ನೇನೋ ಆಗಿ ಕಾಣೋ ಹಾಗೆ ಜೋಡಿಸ್ತಾರೆ. ಕಟ್ಟಡ, ವಿಗ್ರಹ, ನವಿಲು...’

‘ವೇಷ ಅನ್ನು!’ ಎಂದ. ಅವನು ಹರೆಯದಲ್ಲಿ ಮೂಡಲಪಾಯದಲ್ಲಿ ಕುಣಿದವನು. ‘ಅಷ್ಟಕ್ಕೆ ಇಷ್ಟ್ಯಾಕೆ ಒದ್ದಾಡ್ತೀಯ?’

ನಾನು ಮೂವತ್ತು ವರ್ಷ ಕನ್ನಡದಲ್ಲಿ ಬರೆದು ಹೊಟ್ಟೆ ಹೊರೆದವನು. ಈ ಪದ ನನಗೆ ಹೊಳೆದಿರಲಿಲ್ಲ.

ಸಾಲಿನಲ್ಲಿ ಬೇಸರವಾಗಬಾರದೆಂದು 2023ರ ಹೂವಿನ ವಿಧಾನಸೌಧದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ನೋಡಿದ. ನಮ್ಮ ಕಡೆ ಸೇವಂತಿಗೆ ಬೆಳೆಯುವವರು ಹೂವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಎರಡು ತೋಳು ಚಾಚಿದರೆ ಒಂದು ಮಾರು. ಅವನು ತುಟಿಯಲ್ಲೇ ಗುಣಾಕಾರ ಮಾಡಿ ಕೇಳಿದ: ‘ಎಷ್ಟು ಮಾರಿದ್ರೆ ಒಂದು ವಿಧಾನಸೌಧ ಆಗುತ್ತಪ್ಪಾ?’

ಮುಂದೆ ನಿಂತಿದ್ದ ಸಫಾರಿ ಸೂಟಿನವರು ತಿರುಗಿ ನೋಡಿ ನಕ್ಕರು. ಅವರು ಯಾವ ಪಕ್ಷದವರೆಂದು ತಿಳಿಯಲಿಲ್ಲ. ನಗು ಎಲ್ಲ ಪಕ್ಷದ್ದೂ ಒಂದೇ ಥರ ಇತ್ತು.

ಅಂತೂ ಒಳಗೆ ತಳ್ಳಲ್ಪಟ್ಟೆವು. ಗಾಜಿನ ಮನೆ ಸ್ವತಃ ಒಂದು ವೇಷವೇ. ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದ ನೆನಪಿಗೆ 1889ರಲ್ಲಿ ಅಡಿಗಲ್ಲು ಹಾಕಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಬ್ಬಿಣ, ಗಾಜು ಸೇರಿಸಿ ಕಟ್ಟಿದ್ದು. ಆ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಸುಟ್ಟುಹೋಯಿತು. ಮೂಲ ಬೂದಿಯಾಗಿದೆ, ನಕಲಿನ ಮುಂದೆ ಸಾಲು ನಿಂತಿದೆ. ಶಿರಾದ ತೋಟವನ್ನು ಇವತ್ತು ಹುಡುಕಿಕೊಂಡು ಹೋಗಬೇಕು, ಅದರ ನಕಲಿಗೆ ಮೆಟ್ರೋ ಸ್ಟೇಷನ್ನೇ ಇದೆ. ಚಿಕ್ಕಪ್ಪನ ಜೆರಾಕ್ಸ್ ಸಿದ್ಧಾಂತಕ್ಕೆ ತೂಕವಿದೆ ಎನ್ನಿಸಿತು.

ಆ ದಿನದ ಥೀಮ್ ಯಾವುದಾಗಿತ್ತು ಎಂದು ನೀವು ಕೇಳಬಹುದು. ಈಗ ನೆನಪಿಲ್ಲ. ತೆಗೆದ ನಲವತ್ತೆರಡು ಫೋಟೋ ತಿರುವಿ ನೋಡಿದೆ. ಎಲ್ಲದರಲ್ಲೂ ನನ್ನ ಮುಖವೇ ಇದೆ. ಹಿಂದೆ ಏನಿತ್ತೋ ಕಾಣುವುದಿಲ್ಲ.

ಬೋನ್ಸಾಯ್ ತೋಟದಲ್ಲಿ ತಟ್ಟೆಯೊಳಗಿನ ಆಲದ ಮರ ನೋಡಿ ಚಿಕ್ಕಪ್ಪನ ಕರುಳು ಚುರ್ ಎಂದಿತು. ‘ಪಾಪ, ಯಾರೂ ಗೊಬ್ಬರ ಹಾಕಿಲ್ವೇನೋ.’ ಬೇಕೆಂದೇ ಕುಳ್ಳಗೆ ಇಟ್ಟಿದ್ದಾರೆ, ಬೇರು ಕತ್ತರಿಸಿ ಕತ್ತರಿಸಿ ವರ್ಷಗಟ್ಟಲೆ ಸಾಕುತ್ತಾರೆ ಎಂದು ವಿವರಿಸಿದೆ. ‘ನಿಂಗೂ ಹಂಗೇ ಆಗಿರೋದು’ ಎಂದ. ನನ್ನದು ಎರಡು ಬೆಡ್‌ರೂಮಿನ ಫ್ಲ್ಯಾಟು. ವಾದಿಸಲಿಲ್ಲ. ಮುಂದೆ ಗಿಡಗಳನ್ನು ಕತ್ತರಿಸಿ ಪ್ರಾಣಿಗಳ ಆಕಾರ ಕೊಟ್ಟಿದ್ದರು. ಎಲೆಯ ಆನೆಯನ್ನು ಮೇಕೆಯೊಂದು ನೋಡಿದರೆ ಏನೆಂದುಕೊಂಡೀತು ಎಂದು ಅವನು ಬಹಳ ಹೊತ್ತು ಯೋಚಿಸಿದ.

ಬಂಡೆ ಹತ್ತಿದೆವು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂಮಿಯ ಮೇಲಿನ ಅತಿ ಹಳೆಯ ಕಲ್ಲುಗಳ ಸಾಲಿಗೆ ಸೇರಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಬಿರುದು ಪಡೆದದ್ದು. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ಹೂವು ಹುಟ್ಟುವ ಮೊದಲೇ, ಮೀನು ಹುಟ್ಟುವ ಮೊದಲೇ, ಥೀಮ್ ಹುಟ್ಟುವ ಮೊದಲಂತೂ ಖಂಡಿತ, ಅದು ಅಲ್ಲಿ ಬಿದ್ದುಕೊಂಡಿತ್ತು. ಹಾಗಾಗಿ ನಾವು ಅದರ ಮೇಲೆ ಕೂತು ಚುರುಮುರಿ ತಿಂದೆವು.

ಚಿಕ್ಕಪ್ಪನ ಕಣ್ಣು ಚುರುಮುರಿಯ ಮೇಲಿರಲಿಲ್ಲ. ಬಂಡೆಯ ಇಳಿಜಾರನ್ನು ನೋಡುತ್ತಿತ್ತು. ‘ಬಿದ್ದ ಮಳೆ ಎಲ್ಲ ಹಿಂಗೆ ಜಾರುತ್ತೆ. ಆಮೇಲೆ ಹಂಗೆ ಹೋಗುತ್ತೆ. ಅಲ್ಲೊಂದು ಕೆರೆ ಇರಲೇಬೇಕು.’ ಕೈ ಮಾಡಿ ತೋರಿಸಿದ. ಅಲ್ಲಿ ಕೆರೆ ಇತ್ತು.

ಕೆರೆ ಕಂಡದ್ದೇ ಅವನ ಮೈಗೆ ನಲವತ್ತರ ಹರೆಯ ಬಂತು. ತೂಬು ಹುಡುಕಿದ, ಕೋಡಿ ಹುಡುಕಿದ, ಏರಿ ಎತ್ತ ಎಂದು ಕೇಳಿದ. ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತಿದ್ದವು. ಒಣಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಬಿಡಿಸಿಕೊಂಡು ಒಣಹಾಕಿತ್ತು. ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದ ಯುವಕನೊಬ್ಬ ತನ್ನ ಗೆಳತಿಗೆ, ‘ದಿಸ್ ಈಸ್ ಎ ವೆಟ್‌ಲ್ಯಾಂಡ್ ಇಕೋಸಿಸ್ಟಮ್’ ಎಂದು ತಿಳಿಹೇಳುತ್ತಿದ್ದ.

‘ಏನಂದ?’

‘ಜೌಗು ಪ್ರದೇಶ ಅಂದ.’

‘ಜೌಗು? ನಮ್ಮಲ್ಲಿ ಜೌಗು ಹಿಡಿದ ಹೊಲಕ್ಕೆ ಹೆಣ್ಣು ಕೊಡಲ್ಲ ಕಣಪ್ಪಾ.’

ಕಾಲ ಬದಲಾಗಿದೆ ಚಿಕ್ಕಪ್ಪಾ, ಎಂದೆ. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ದೇಶದೇಶದವರು ಸೇರಿ ಜೌಗಿಗೆ ಮರ್ಯಾದೆ ಕೊಟ್ಟರು. ನಮ್ಮ ರಾಜ್ಯದಲ್ಲಿ ಆ ಮುದ್ರೆ ಮೊದಲು ಬಿದ್ದದ್ದು ರಂಗನತಿಟ್ಟಿಗೆ, 2022ರಲ್ಲಿ. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ಸೇರಿಕೊಂಡವು. ಇದರಲ್ಲಿ ಅಂಕಸಮುದ್ರ ಮತ್ತು ಮಾಗಡಿ ಎರಡೂ ಮನುಷ್ಯರೇ ಕಟ್ಟಿದ ಕೆರೆಗಳು.

‘ಹಂಗಾದ್ರೆ ಅಲ್ಲೂ ನೀರುಗಂಟಿ ಇದ್ದ’ ಎಂದ. ಇದ್ದಿರಬೇಕು. ಅಂತಾರಾಷ್ಟ್ರೀಯ ಮನ್ನಣೆಯ ಪತ್ರದಲ್ಲಿ ಅವನ ಹೆಸರಿರಲಾರದು.

ಆಮೇಲೆ ಅವನೇ ಪಾಠ ಶುರುಮಾಡಿದ. ಕೆರೆಯೆಂದರೆ ನೀರಷ್ಟೇ ಅಲ್ಲವಂತೆ. ನೀರು ಬರುವ ಬಾಯಲ್ಲಿ ಜೊಂಡು ಇರಬೇಕು. ಹರಿದು ಬಂದ ಕಸಕಡ್ಡಿ, ಗೋಡು ಅಲ್ಲೇ ನಿಲ್ಲುತ್ತದೆ. ಆ ಮೇಲೆ ಮೊಣಕಾಲುದ್ದದ ನೀರು. ಅಲ್ಲಿ ಬಕ ನಿಲ್ಲುತ್ತದೆ, ಮೀನು ಮೊಟ್ಟೆ ಇಡುತ್ತದೆ. ಏರಿಯ ಹತ್ತಿರ ಆಳ, ಅದು ಬೇಸಿಗೆಗೆ. ನೀರು ಇಳಿದ ಅಂಗಳದಲ್ಲಿ ದನ ಮೇಯುತ್ತದೆ. ಬೇಸಿಗೆಯಲ್ಲಿ ಗೋಡು ತೆಗೆದು ಹೊಲಕ್ಕೆ ಹಾಕಿದರೆ ಗೊಬ್ಬರ. ಬೈನಾಕ್ಯುಲರಿನ ಹುಡುಗ ಬಾಯಿ ಬಿಟ್ಟು ಕೇಳುತ್ತಿದ್ದ. ಇದನ್ನೇ ಇಂಗ್ಲಿಷಿನಲ್ಲಿ ಓದಿ ಅವನು ಡಿಗ್ರಿ ಪಡೆದಿದ್ದನಂತೆ. ಬೆಂಗಳೂರಿನಲ್ಲೂ ಜಕ್ಕೂರು ಕೆರೆಯ ಬಾಯಲ್ಲಿ ಹೀಗೇ ಜೊಂಡು ಬೆಳೆಸಿದ್ದಾರೆ, ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಅದು ಇನ್ನಷ್ಟು ಸೋಸಿ ಕೆರೆಗೆ ಬಿಡುತ್ತದೆ ಎಂದ. ‘ನೋಡು, ಬುದ್ಧಿ ಇರೋರೂ ಅವ್ರೆ’ ಎಂದು ಚಿಕ್ಕಪ್ಪ ಸಂತೋಷಪಟ್ಟ.

‘ನಿಮ್ಮ ಕಡೆ ಬರ್ಡ್ಸ್ ಬರ್ತಾವಾ ಅಂಕಲ್?’

ಕಗ್ಗಲಡು ಹೆಸರು ಕೇಳಿಲ್ವೇನಪ್ಪಾ, ಎಂದ ಚಿಕ್ಕಪ್ಪ. ಶಿರಾ ತಾಲ್ಲೂಕಿನ ಹಳ್ಳಿ. ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ವೇಷ ಇಲ್ಲ, ಸಾಲು ಇಲ್ಲ. ಮರದ ಕೆಳಗೆ ನಿಂತರೆ ತಲೆಯ ಮೇಲೆ ಬೀಳುವುದೇ ಟಿಕೆಟ್ಟು.

ಹೊರಡುವ ಮುನ್ನ ಚಿಕ್ಕಪ್ಪ ಒಂದು ಮಾತು ಕೇಳಿದ. ‘ಈ ಊರಲ್ಲಿ ಇದೊಂದೇ ಕೆರೆಯಾ?’

ಹಾಗೇನಿಲ್ಲ, ಬೇಕಾದಷ್ಟಿವೆ, ವೇಷ ಹಾಕಿಕೊಂಡಿವೆ ಅಷ್ಟೆ, ಎಂದೆ. ಪದ ಅವನದೇ, ಬಳಸಿದ ಮೇಲೆ ನನಗೇ ಊರು ಬೇರೆ ಥರ ಕಾಣತೊಡಗಿತು.

ಹೂವಿಗೆ ಥೀಮ್ ಕೊಡುವುದನ್ನು ಬೆಂಗಳೂರು ಕಲಿತದ್ದು ಈಚೆಗೆ. ಕೆರೆಗಳಿಗೆ ಥೀಮ್ ಕೊಡುವುದರಲ್ಲಿ ಅದಕ್ಕೆ ಬಹಳ ಹಳೆಯ ಅನುಭವವಿದೆ. ಧರ್ಮಾಂಬುಧಿಯ ಥೀಮ್ ಸಾರಿಗೆ. ಸಂಪಂಗಿ ಕೆರೆಯ ಥೀಮ್ ಕ್ರೀಡೆ. ಅದು ಈಗ ಕಂಠೀರವ ಕ್ರೀಡಾಂಗಣ. ಕರಗದ ಶಾಸ್ತ್ರಕ್ಕೆಂದು ಒಂದು ಪುಟ್ಟ ಕೊಳವನ್ನು ಮಾತ್ರ ಉಳಿಸಿಕೊಂಡಿದ್ದಾರೆ; ಸತ್ತವರ ಮನೆಯಲ್ಲಿ ಒಂದು ಫೋಟೋ ಇಟ್ಟುಕೊಂಡ ಹಾಗೆ. ಅಕ್ಕಿತಿಮ್ಮನಹಳ್ಳಿ ಕೆರೆಯ ಥೀಮೂ ಕ್ರೀಡೆಯೇ. ಅಲ್ಲಿ ಹಾಕಿ ಆಡುತ್ತಾರೆ. ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಇಷ್ಟು ಕೆರೆಗಳನ್ನು ಕ್ರೀಡೆಗೆ ಕೊಟ್ಟ ಊರು ಈಜಿನಲ್ಲಿ ಹಿಂದೆ ಬಿದ್ದರೆ ತಪ್ಪು ಯಾರದು?

ಬೆಳ್ಳಂದೂರಿನದು ಮಾತ್ರ ವಿಶೇಷ ಪ್ರಯೋಗ. ಊರಿನ ಅತಿ ದೊಡ್ಡ ಕೆರೆ, ಸುಮಾರು 900 ಎಕರೆ. ಅದಕ್ಕೆ ಮೊದಲು ಹಿಮಾಲಯದ ಥೀಮ್ ಕೊಟ್ಟೆವು. ನೊರೆ ಎದ್ದು ರಸ್ತೆಯ ಮೇಲೆ ಹಿಮದ ಹಾಗೆ ಹಾರಿತು. ಸ್ಕೂಟರಿನವರು ಸ್ವಿಟ್ಜರ್ಲೆಂಡಿಗೆ ಹೋಗಿಬಂದವರಂತೆ ಆಫೀಸು ತಲುಪಿದರು. ಆಮೇಲೆ ಅಗ್ನಿಯ ಥೀಮ್. 2015ರಲ್ಲಿ ನೊರೆಗೇ ಬೆಂಕಿ ಹತ್ತಿತು, 2017ರಲ್ಲಿ ಮತ್ತೊಮ್ಮೆ. 2018ರ ಜನವರಿಯಲ್ಲಿ ಹತ್ತಿದ ಬೆಂಕಿ ಆರಿಸಲು ಸೈನಿಕರೂ ಬಂದರು. ಬೆಂಕಿ ಹತ್ತಿದರೆ ಕೆರೆಯ ನೀರು ತರುವುದು ಲೋಕರೂಢಿ. ಕೆರೆಗೇ ಬೆಂಕಿ ಹತ್ತಿದರೆ ಏನು ತರಬೇಕೆಂದು ನಮ್ಮ ಪೂರ್ವಿಕರು ಗಾದೆ ಮಾಡಿಟ್ಟಿರಲಿಲ್ಲ.

ಹೀಗೆ ಇದ್ದಬದ್ದ ಕೆರೆಗಳನ್ನೆಲ್ಲ ಬೇರೆ ವೇಷಕ್ಕೆ ಕಳಿಸಿದ ಮೇಲೆ, ಕೆರೆಯ ವೇಷ ಹಾಕಲು ಯಾರಾದರೂ ಬೇಕಲ್ಲ? ಆ ಕೆಲಸಕ್ಕೆ ತೋಟ ಇಟ್ಟುಕೊಂಡಿದ್ದೇವೆ. ವರ್ಷದಲ್ಲಿ 360 ದಿನ ರಾಜಕಾಲುವೆಗೆ ಕಸ ಎಸೆದವರು ಉಳಿದ ಐದು ದಿನ ಲಾಲ್‌ಬಾಗಿಗೆ ಬಂದು ‘ಎಷ್ಟು ಹಸಿರು ಅಲ್ವಾ!’ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತೇವೆ. ಪಾಪ ಮಾಡಲು ಇಡೀ ಊರು, ಪ್ರಾಯಶ್ಚಿತ್ತಕ್ಕೆ 240 ಎಕರೆ. ಆ 240ಕ್ಕೂ ಹೊಸ ಅಂಗಿ ಹೊಲಿಯಲು ಒಮ್ಮೆ ಅಳತೆ ತೆಗೆದಾಗಿತ್ತು: ಸುರಂಗ ರಸ್ತೆಗೆ ಲಾಲ್‌ಬಾಗಿನ ಸುಮಾರು 6 ಎಕರೆ ಬೇಕಂತೆ ಎಂಬ ಸುದ್ದಿ 2025ರಲ್ಲಿ ಎದ್ದು ಜನ ರೊಚ್ಚಿಗೆದ್ದರು. 300 ಕೋಟಿ ವರ್ಷದ ಬಂಡೆಯ ಬುಡದಲ್ಲಿ ಹತ್ತು ನಿಮಿಷ ಬೇಗ ತಲುಪುವ ಚರ್ಚೆ. ಬಂಡೆ ಏನೂ ಅನ್ನಲಿಲ್ಲ. ಅದಕ್ಕೆ ಅವಸರವಿಲ್ಲ.

ಸಂಜೆ ಚಿಕ್ಕಪ್ಪನನ್ನು ಮನೆಗೆ ಕರೆತಂದೆ. ನಮ್ಮ ಅಪಾರ್ಟ್‌ಮೆಂಟಿನ ಹೆಸರಿನಲ್ಲಿ ‘ಲೇಕ್’ ಎಂಬ ಪದವಿದೆ. ಬಾಲ್ಕನಿಯಲ್ಲಿ ಬಗ್ಗಿ, ಎಡಕ್ಕೆ ತಿರುಗಿ, ಪಕ್ಕದ ಮನೆಯವರ ಒಣಹಾಕಿದ ಪಂಚೆ ಗಾಳಿಗೆ ಎದ್ದಾಗ ಕೆರೆ ಕಾಣುತ್ತದೆ. ಆ ಪಂಚೆ ಎದ್ದ ನೋಟಕ್ಕೆ ನಾನು ಚದರಡಿಗೆ ಹೆಚ್ಚು ಹಣ ಕೊಟ್ಟಿದ್ದೇನೆ.

ಆ ಕೆರೆಯ ಪುನರುಜ್ಜೀವನ ಆಗಿದೆ. ಫಲಕದ ಮೇಲೆ ಹಾಗೆ ಬರೆದಿದೆ. ಸುತ್ತ ಬೇಲಿ, ಒಳಗೆ ಟೈಲ್ಸ್ ಹಾಸಿದ ವಾಕಿಂಗ್ ಹಾದಿ, ಕಮಾನು, ಸ್ಪೀಕರಿನಲ್ಲಿ ಕೊಳಲು. ಒಂದು ಮೂಲೆಗೆ ‘ಜೌಗು ಪ್ರದೇಶ ಥೀಮ್ ಉದ್ಯಾನ’ ಎಂಬ ಬೋರ್ಡಿದ್ದು, ಅಲ್ಲಿ ಸಿಮೆಂಟಿನ ಕೊಕ್ಕರೆ ಮೂರು, ಫೈಬರಿನ ಅಣಬೆ ಐದು, ಬಾಯಿ ತೆರೆದ ಪೆಂಗ್ವಿನ್ ಒಂದು. ಪೆಂಗ್ವಿನ್ ಕಸದ ಡಬ್ಬಿ. ದಕ್ಷಿಣ ಧ್ರುವದಿಂದ ಶಿಸ್ತಾಗಿ ಬಂದು ಬಾಯಿ ತೆರೆದು ನಿಂತ ಅದರ ಸುತ್ತ ಚಿಪ್ಸ್ ಪೊಟ್ಟಣ ಹರಡಿದ್ದವು. ಒಳಗೆ ಮಾತ್ರ ಖಾಲಿ.

ಚಿಕ್ಕಪ್ಪ ಸಿಮೆಂಟಿನ ಕೊಕ್ಕರೆಯನ್ನು ಗಮನಿಸಲೇ ಇಲ್ಲ. ದಂಡೆಗೆ ಹೋಗಿ ಕೆಳಗೆ ನೋಡಿದ. ಜೊಂಡು ಪೂರಾ ಕಿತ್ತು, ಅಂಚನ್ನು ಗೋಡೆಯ ಹಾಗೆ ಕಡಿದಾಗಿ ಕೆತ್ತಿ, ಕಲ್ಲು ಹೊದಿಸಿ, ನಡುವೆ ಆಳಕ್ಕೆ ತೋಡಿದ್ದರು. ನೀರೇನೋ ಇತ್ತು. ಕಾಲೂರಲು ಜಾಗವಿರಲಿಲ್ಲ.

‘ಬಕ ಎಲ್ಲಿ ನಿಲ್ಲುತ್ತೆ?’

‘ಅಲ್ಲಿ ನಿಂತಿದೆಯಲ್ಲ’ ಎಂದು ಸಿಮೆಂಟಿನದನ್ನು ತೋರಿಸಿದೆ. ತಮಾಷೆ ಅವನಿಗೆ ತಾಗಲಿಲ್ಲ.

‘ಇದು ಕೆರೆಯಲ್ಲ ಮಗಾ, ಬಾಣಲೆ. ಬಾಣಲೆ ಒಳಗೆ ಯಾವ ಹಕ್ಕಿನೂ ತಾನಾಗೇ ಬಂದು ನಿಲ್ಲಲ್ಲ.’

ಇದು ಜೀರ್ಣೋದ್ಧಾರ, ಕೋಟಿಗಟ್ಟಲೆ ಖರ್ಚಾಗಿದೆ ಎಂದೆ. ಜೀರ್ಣ ಆಗಿರೋದು ಕಾಣುತ್ತೆ, ಉದ್ಧಾರ ಯಾರ್ದು, ಎಂದ. ಆಮೇಲೆ ಸುತ್ತಲೂ ಒಂದು ಸಲ ತಿರುಗಿ, ಮೂಗು ಎತ್ತಿ, ಗಾಳಿಯ ದಿಕ್ಕು ಹಿಡಿದು ಕೇಳಿದ:

‘ಇದಕ್ಕೆ ನೀರು ತರೋ ಕಾಲುವೆ ಎಲ್ಲಿತ್ತು?’

ಸುಮ್ಮನಿದ್ದೆ.

‘ನಿಮ್ಮ ಮನೆ ಕಡೆಯಿಂದ್ಲೇ ಬರ್ಬೇಕಲ್ಲಪ್ಪಾ. ಇಳಿಜಾರು ಹಂಗೇ ಐತೆ.’

ಮನೆ ಕಡೆಯಿಂದ ಎಂದದ್ದು ಅವನ ದೊಡ್ಡತನ. ನಮ್ಮ ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ಕಾಲುವೆ ಇಲ್ಲ. ಹಳೆಯ ನಕ್ಷೆ ನೋಡುವ ಗೋಜಿಗೆ ನಾನು ಹೋಗಿಲ್ಲ. ಸಾಲದ ಕಂತು ಮುಗಿಯುವವರೆಗೆ ಹೋಗುವುದೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಊರಿನ ಪೂರ್ವಕ್ಕೆ ನೀರು ನುಗ್ಗಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗ ಟಿವಿ ಮುಂದೆ ಕೂತು, ‘ಕೆರೆ ಜಾಗದಲ್ಲಿ ಮನೆ ಕಟ್ಟಿದರೆ ಇನ್ನೇನಾಗುತ್ತೆ’ ಎಂದು ಗಟ್ಟಿಯಾಗಿ ಹೇಳಿದ್ದವನು ನಾನೇ. ಆಗ ನಮ್ಮ ಬೇಸ್‌ಮೆಂಟಿನಲ್ಲೂ ಪಂಪು ಓಡುತ್ತಿತ್ತು. ಅದರ ಸದ್ದಿಗೆ ಟಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ರಾತ್ರಿ ಮಳೆ ಹಿಡಿಯಿತು. ಬಣ್ಣ ಹಚ್ಚಿದವನಿಗೆ ಮಳೆಯೇ ಶತ್ರು ಎಂದು ಚಿಕ್ಕಪ್ಪ ಹೇಳುತ್ತಿದ್ದ. ಆಟದ ನಡುವೆ ಮಳೆ ಬಂದರೆ ಭೀಮನ ಮೀಸೆ ಇಳಿದು, ದ್ರೌಪದಿಯ ಗಲ್ಲ ಕರಗಿ, ಕೆಳಗಿನಿಂದ ನಮ್ಮೂರ ಮುಖಗಳೇ ಹೊರಬರುತ್ತಿದ್ದವಂತೆ. ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಅವನ ಹಾಸಿಗೆ ಖಾಲಿ. ಗಾಬರಿಯಿಂದ ಲಿಫ್ಟ್ ಇಳಿದೆ. ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು. ನಡುವೆ ಪಂಚೆ ಎತ್ತಿ ಕಟ್ಟಿದ ಚಿಕ್ಕಪ್ಪ, ಕೈಯಲ್ಲಿ ಮಾಲಿಯ ಗುದ್ದಲಿ. ಪಕ್ಕದಲ್ಲಿ ವಾಚ್‌ಮ್ಯಾನ್ ಟಾರ್ಚು ಹಿಡಿದಿದ್ದ. ಕಾರುಗಳು ಎಮ್ಮೆಗಳ ಹಾಗೆ ನೀರಲ್ಲಿ ಸುಮ್ಮನೆ ನಿಂತಿದ್ದವು. ಎಲ್ಲೋ ಪಾರ್ಕಿಂಗ್ ಸಂಖ್ಯೆ 34ರ ಹಿಂದಿನಿಂದ ಕಪ್ಪೆಗಳು ವಟಗುಟ್ಟುತ್ತಿದ್ದವು. ಜೌಗು ಪ್ರದೇಶ ಥೀಮ್ ಉದ್ಯಾನದಲ್ಲಿ ಇಲ್ಲದ ಕಪ್ಪೆಗಳು.

‘ಸಿಕ್ತು ಬಾರಪ್ಪಾ ಕಾಲುವೆ!’ ಎಂದು ಕೂಗಿದ, ಕಳೆದುಹೋದ ಹಸು ಸಿಕ್ಕ ದನಿಯಲ್ಲಿ.

ಹಿಂದಿನ ಗೋಡೆಯ ಬುಡದಲ್ಲೊಂದು ಕಬ್ಬಿಣದ ಜಾಲರಿ. ಅದಕ್ಕೆ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಚೀಲ, ಯಾರದೋ ಗೃಹಪ್ರವೇಶದ ಹಾರ ಎಲ್ಲ ಮೆತ್ತಿಕೊಂಡಿದ್ದವು. ಅವನು ಅದನ್ನೆಲ್ಲ ಎಳೆದು ಹಾಕಿದ. ನೀರು ಒಂದು ಸಲ ಉಸಿರೆಳೆದುಕೊಂಡಂತೆ ಸದ್ದು ಮಾಡಿ, ಸುತ್ತಿ, ಇಳಿಯತೊಡಗಿತು. ಎಷ್ಟೋ ವರ್ಷಗಳ ಮೇಲೆ ಅವನು ತೂಬು ಎತ್ತಿದ್ದ.

ಬೆಳಿಗ್ಗೆ ಅಸೋಸಿಯೇಷನ್‌ನ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿಹ್ನೆಗಳ ಮಳೆ. ಕಾರ್ಯದರ್ಶಿಗಳು ಮನೆಗೇ ಬಂದರು. ಕೆರೆ ತುಂಬಿ ಕೋಡಿ ಬಿದ್ದರೆ ಊರಿನವರು ಬಾಗಿನ ಬಿಡುತ್ತಾರೆ, ಗಂಗಮ್ಮನಿಗೆ ಸಮಾಧಾನ ಆಗಬೇಕು, ಎಂದು ಚಿಕ್ಕಪ್ಪ ಗಂಭೀರವಾಗಿ ಹೇಳಿದ. ಕಾರ್ಯದರ್ಶಿಗಳು ಅದನ್ನು ಅಷ್ಟೇ ಗಂಭೀರವಾಗಿ ಬರೆದುಕೊಂಡು ಹೋದರು. ಹತ್ತು ನಿಮಿಷಕ್ಕೆ ಗ್ರೂಪಿನಲ್ಲಿ ಪ್ರಕಟಣೆ: ‘ಭಾನುವಾರ ಬೇಸ್‌ಮೆಂಟ್ 1ರಲ್ಲಿ ಬಾಗಿನ ಸಮರ್ಪಣೆ. ನಂತರ ಉಪಾಹಾರ.’ ಅದರ ಕೆಳಗೆ ಮೊದಲ ಪ್ರಶ್ನೆ, ಆರನೇ ಮಹಡಿಯಿಂದ: ‘ಥೀಮ್ ಏನು?’

ಮಧ್ಯಾಹ್ನ ಚಿಕ್ಕಪ್ಪನನ್ನು ಧರ್ಮಾಂಬುಧಿಗೆ ಬಿಟ್ಟುಬರಲು ಹೊರಟೆ. ಗೇಟಿನ ಬಳಿ ಕಾರ್ಯದರ್ಶಿಗಳು ಓಡಿಬಂದು, ಮಳೆಗಾಲ ಮುಗಿಯುವವರೆಗಾದರೂ ಇರಬಹುದಲ್ಲ ಅಂಕಲ್, ತಿಂಗಳಿಗೆ ಎಷ್ಟು ಬೇಕು ಹೇಳಿ, ಎಂದರು.

ಚಿಕ್ಕಪ್ಪ ಹನ್ನೆರಡು ಮಹಡಿಯನ್ನೂ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಎಣಿಸಿದ. ಬೆರಳು ಮಡಚಿದ, ಬಿಡಿಸಿದ. ಕೊನೆಗೆ ಕೈಚೆಲ್ಲಿದ.

‘ಅಚ್ಚುಕಟ್ಟಿನೋರಾಗಿದ್ರೆ ಲೆಕ್ಕ ಗೊತ್ತಿತ್ತು ಸ್ವಾಮಿ, ಕಣಕ್ಕೆ ಇಷ್ಟು ಬಳ್ಳ ರಾಗಿ ಅಂತ. ಕೆರೆ ಒಳಗೇ ಮನೆ ಮಾಡ್ಕೊಂಡೋರ ಹತ್ರ ಎಷ್ಟು ಆಯ ತಗೋಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿಲ್ಲ.’